ಊರಿಗೆ ಹೊರಡುವ ಮುನ್ನ ಚಕ್ರದ ಕಾವಲುಗಾರನನ್ನೂ ವಿಚಾರಿಸಿಕೊಳ್ಳಿ

ಮುಂಬಯಿ ಕನ್ನಡಿಗರ ಪಾಲಿಗೆ 'ಊರು' ಎಂಬ ಎರಡಕ್ಷರದ ಶಬ್ದಕ್ಕೆ ಇರುವ ಸೆಳೆತ ಬೇರೆ ಯಾವ ಶಬ್ದಕ್ಕೂ ಇಲ್ಲ. ಮೇ ತಿಂಗಳ ರಜೆ, ಚೌತಿ, ದೀಪಾವಳಿ, ಕುಟುಂಬದ ನೇಮೋತ್ಸವ, ಊರ ದೇವಸ್ಥಾನದ ಬ್ರಹ್ಮಕಲಶೋತ್ಸವ, ಬಂಧುಗಳ ಮದುವೆ ಎಂದು ವರ್ಷಕ್ಕೆ ಒಂದೆರಡು ಬಾರಿಯಾದರೂ ಊರಿನ ದಾರಿ ಹಿಡಿಯದವರು ನಮ್ಮಲ್ಲಿ ವಿರಳ. ಒಂದು ಕಾಲದಲ್ಲಿ ಇದಕ್ಕೆಲ್ಲ ಬಸ್ಸೇ ಗತಿಯಾಗಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ರೈಲು ಕೈಹಿಡಿಯಿತು. ಈಗ ಟಿಕೇಟಿನ ಗೊಡವೆಯೇ ಬೇಡವೆಂದು ಸ್ವಂತ ಕಾರಿನಲ್ಲಿ ಹೊರಡುವ ಕುಟುಂಬಗಳು ದಿನೇ ದಿನೇ ಹೆಚ್ಚುತ್ತಿವೆ. ಪುಣೆ, ಸಾತಾರಾ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಅರಬೈಲು ಘಾಟಿ ಇಳಿದು ಅಂಕೋಲಾ ಸೇರುವವರು ಕೆಲವರಾದರೆ, ಕೊಂಕಣದ ಹೆದ್ದಾರಿಯಲ್ಲಿ ಗೋವಾ ದಾಟಿ ಕಾರವಾರ ಸೇರುವವರು ಇನ್ನು ಕೆಲವರು. ಯಾವ ದಾರಿ ಹಿಡಿದರೂ ಉಡುಪಿ, ಮಂಗಳೂರು ಮುಟ್ಟುವಾಗ ಒಂಬೈನೂರು, ಸಾವಿರ ಕಿ.ಮೀ. ಆಸುಪಾಸಿನ ಪ್ರಯಾಣ.

ಹೊರಡುವ ಮುನ್ನ ಎಂಜಿನ್ ಆಯಿಲ್ ನೋಡುತ್ತೇವೆ, ಏಸಿ ನೋಡುತ್ತೇವೆ, ದೇವರಿಗೆ ಕಾಯಿ ಒಡೆಯುತ್ತೇವೆ. ಆದರೆ ಇಡೀ ಸಂಸಾರದ ಭಾರ ಹೊರುವ ನಾಲ್ಕು ಟೈರುಗಳನ್ನು ವಿಚಾರಿಸುವವರು ಕಡಿಮೆ. ಹೊಸ ಕಾರುಗಳಲ್ಲಿ ಈ ಟೈರುಗಳನ್ನು ಕಾಯಲೆಂದೇ ಒಂದು ಪುಟ್ಟ ಯಂತ್ರ ಇರುತ್ತದೆ. ಟೈರಿನ ಗಾಳಿಯ ಒತ್ತಡವನ್ನು ಅಳೆದು ಚಾಲಕನಿಗೆ ತಿಳಿಸುವ ಈ ವ್ಯವಸ್ಥೆಯನ್ನು ಸಂಕ್ಷಿಪ್ತವಾಗಿ ಟಿಪಿಎಂಎಸ್ ಎನ್ನುತ್ತಾರೆ. ಕಾರು ಕೊಳ್ಳುವಾಗ ಶೋರೂಮಿನವರು ಇದನ್ನು ದೊಡ್ಡ ಸೌಲಭ್ಯವೆಂದು ಹೇಳಿ ಮಾರುತ್ತಾರೆ. ಆದರೆ ಆ ಕಾವಲುಗಾರನಿಗೂ ಆಯುಷ್ಯವಿದೆ, ಅವನಿಗೂ ಆರೈಕೆ ಬೇಕು ಎಂಬುದನ್ನು ಹೇಳುವವರು ಅಪರೂಪ. ಸತ್ತ ಸೆನ್ಸರನ್ನು ನಂಬಿ ಹೆದ್ದಾರಿಗೆ ಇಳಿಯುವುದು, ಸೆನ್ಸರೇ ಇಲ್ಲದ ಕಾರಿನಲ್ಲಿ ಹೋಗುವುದಕ್ಕಿಂತ ಅಪಾಯಕಾರಿ. ಸೆನ್ಸರ್ ಇಲ್ಲದವನು ಕೈಯಲ್ಲಿ ಗೇಜ್ ಹಿಡಿದಾದರೂ ನೋಡುತ್ತಾನೆ. ಇದೆಯೆಂದು ನಂಬಿದವನು ನೋಡುವುದೇ ಇಲ್ಲ.

ದೀಪ ಹೇಳುವ ಎರಡು ಮಾತು

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಒಂದು ದೀಪ ಉರಿಯುತ್ತದೆ. ಕುದುರೆಲಾಳದ ಆಕಾರ, ಕೆಳಗೆ ಗರಗಸದಂಥ ಹಲ್ಲು, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಅದು ಅಡ್ಡಕ್ಕೆ ಕೊಯ್ದ ಟೈರಿನ ಚಿತ್ರ. ಈ ದೀಪ ಒಂದೇ ಆದರೂ ಹೇಳುವ ಮಾತು ಎರಡು.

ಕಾರು ಚಾಲೂ ಮಾಡಿದ ಮೇಲೆ ದೀಪ ಉರಿದು ಹಾಗೆಯೇ ನಿಂತರೆ, ಯಾವುದೋ ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಅದು ಟೈರಿನ ದೂರು. ದೀಪ ಮೊದಲು ಒಂದು, ಒಂದೂವರೆ ನಿಮಿಷ ಮಿನುಗಿ ಆಮೇಲೆ ಉರಿದು ನಿಂತರೆ, ಹೆಚ್ಚಿನ ಕಾರುಗಳಲ್ಲಿ ಅದರ ಅರ್ಥ ಬೇರೆ. ಒತ್ತಡ ಅಳೆಯುವ ವ್ಯವಸ್ಥೆಯೇ ಕೆಟ್ಟಿದೆ, ಸೆನ್ಸರಿನಿಂದ ಸುದ್ದಿ ಬರುತ್ತಿಲ್ಲ ಎಂದು. ಅದು ಕಾವಲುಗಾರನ ದೂರು. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಮಂದಿ ಮಿನುಗುವ ದೀಪ ಕಂಡು ಪೆಟ್ರೋಲ್ ಪಂಪಿಗೆ ಹೋಗಿ ಮತ್ತೆ ಮತ್ತೆ ಹವಾ ಹಾಕಿಸುತ್ತಾರೆ. ದೀಪ ಆರುವುದಿಲ್ಲ. ಕೊನೆಗೆ "ಅದು ಸುಮ್ಮನೆ ಉರಿಯುತ್ತದೆ, ಬಿಡಿ" ಎಂಬ ತೀರ್ಮಾನಕ್ಕೆ ಬರುತ್ತಾರೆ. ಕಣ್ಣಿಗೆ ಕಿರಿಕಿರಿ ಎಂದು ದೀಪದ ಮೇಲೆ ಕಪ್ಪು ಟೇಪು ಅಂಟಿಸಿದವರೂ ಇದ್ದಾರೆ. ಮುಂದೊಂದು ದಿನ ನಿಜಕ್ಕೂ ಗಾಳಿ ಇಳಿದಾಗ ಅವರಿಗೆ ಹೇಳುವವರು ಯಾರೂ ಇರುವುದಿಲ್ಲ.

ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ. ಬಾಗಿ ನೆಟ್ಟಗಾಗುವ ಈ ಕೆಲಸದಲ್ಲಿ ರಬ್ಬರಿನೊಳಗೆ ಬಿಸಿ ಹುಟ್ಟುತ್ತದೆ. ಊರೊಳಗಿನ ನಿಧಾನದ ಓಟದಲ್ಲಿ ಆ ಬಿಸಿ ಆರಿಹೋಗುತ್ತದೆ. ಆದರೆ ಮೇ ತಿಂಗಳ ಮಧ್ಯಾಹ್ನ, ಕಾದ ರಸ್ತೆಯ ಮೇಲೆ, ತುಂಬಿದ ಕಾರು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವಾಗ ಬಿಸಿ ಆರಲು ಸಮಯವೇ ಇರುವುದಿಲ್ಲ. ಟೈರಿನ ಒಳಪದರಗಳು ಒಂದನ್ನೊಂದು ಬಿಟ್ಟುಕೊಳ್ಳುತ್ತವೆ. ನಾವು 'ಟೈರ್ ಬರ್ಸ್ಟ್' ಎನ್ನುವ ಅನಾಹುತಗಳಲ್ಲಿ ಬಹಳಷ್ಟರ ಬೇರು ಹಲವು ದಿನಗಳಿಂದ ಸದ್ದಿಲ್ಲದೆ ಇಳಿದ ಗಾಳಿಯಲ್ಲಿರುತ್ತದೆ.

ಈ ಯಂತ್ರ ಬಂದ ಬಗೆ

ಪ್ರಯಾಣಿಕರ ಕಾರಿನಲ್ಲಿ ಈ ವ್ಯವಸ್ಥೆ ಮೊದಲು ಬಂದದ್ದು 1986ರಲ್ಲಿ, ಜರ್ಮನಿಯ ಪೋರ್ಷೆ 959 ಕಾರಿನಲ್ಲಿ. ಆಗ ಅದು ಶ್ರೀಮಂತರ ಸೊತ್ತು. ಅದನ್ನು ಎಲ್ಲರ ಕಾರಿಗೂ ತಂದದ್ದು ಒಂದು ದುರಂತ ಸರಣಿ. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರ್ ಹಾಕಿದ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳು ಟೈರಿನ ಪದರ ಬಿಟ್ಟು ಪಲ್ಟಿಯಾಗಿ ಅನೇಕರು ಪ್ರಾಣ ಕಳೆದುಕೊಂಡರು. 2000ದ ಆಗಸ್ಟಿನಲ್ಲಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಲಾಯಿತು. ಅದೇ ವರ್ಷ ಅಲ್ಲಿನ ಸಂಸತ್ತು ತಂದ ಕಾನೂನಿನ ಫಲವಾಗಿ 2007ರ ಸೆಪ್ಟೆಂಬರ್‌ನಿಂದ ಅಲ್ಲಿ ತಯಾರಾಗುವ ಎಲ್ಲ ಹಗುರ ವಾಹನಗಳಿಗೂ ಈ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಯಿತು.

ನಮ್ಮ ದೇಶದಲ್ಲಿ 2020ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ಬಂತು. ಟ್ಯೂಬ್‌ಲೆಸ್ ಟೈರು, ಒತ್ತಡ ಅಳೆಯುವ ವ್ಯವಸ್ಥೆ ಮತ್ತು ಪಂಕ್ಚರ್ ಸರಿಪಡಿಸುವ ಕಿಟ್ ಇರುವ ಪ್ರಯಾಣಿಕ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂಬುದು ಅದರ ಸಾರ. ಹೀಗಾಗಿ ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಘಾಟಿ ಹತ್ತುವವರಿಗೆ ಸೆನ್ಸರ್ ಎಂಬುದು ಶೋಕಿಯ ಸಾಮಾನಲ್ಲ, ಆಧಾರ ಎಂಬುದನ್ನು ಗಮನಿಸಬೇಕು.

ನಿಮ್ಮ ಕಾರಿನಲ್ಲಿರುವುದು ಯಾವ ಬಗೆ?

ಆರೈಕೆಯ ಮೊದಲ ಹೆಜ್ಜೆ ನಮ್ಮ ಕಾರಿನಲ್ಲಿ ಇರುವುದೇನು ಎಂದು ತಿಳಿದುಕೊಳ್ಳುವುದು. ಮೂರು ಬಗೆಗಳಿವೆ.

ಮೊದಲನೆಯದು, ಪ್ರತಿ ಚಕ್ರದೊಳಗೆ ವಾಲ್ವ್‌ನ ಬುಡಕ್ಕೆ ಜೋಡಿಸಿದ ಪುಟ್ಟ ಸೆನ್ಸರ್. ಇದು ಒತ್ತಡವನ್ನೂ ಬಿಸಿಯನ್ನೂ ಅಳೆದು ರೇಡಿಯೋ ಅಲೆಯ ಮೂಲಕ ಕಾರಿಗೆ ತಿಳಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ನಾಲ್ಕು ಚಕ್ರದ ಅಂಕಿಗಳೂ ಬೇರೆ ಬೇರೆಯಾಗಿ ಕಾಣುತ್ತಿದ್ದರೆ ಸಾಮಾನ್ಯವಾಗಿ ನಿಮ್ಮದು ಈ ಬಗೆ.

ಎರಡನೆಯದರಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಚಕ್ರದ ಸುತ್ತಳತೆ ತುಸು ಕಡಿಮೆಯಾಗಿ ಅದು ಉಳಿದವುಗಳಿಗಿಂತ ಬೇಗ ತಿರುಗುತ್ತದೆ. ಎಬಿಎಸ್ ಬ್ರೇಕಿನ ಸೆನ್ಸರುಗಳು ಈ ವ್ಯತ್ಯಾಸವನ್ನು ಗುರುತಿಸಿ ದೀಪ ಹೊತ್ತಿಸುತ್ತವೆ. ಇದರಲ್ಲಿ ಬ್ಯಾಟರಿಯ ಚಿಂತೆ ಇಲ್ಲ. ಆದರೆ ಹವಾ ಹಾಕಿಸಿದಾಗ, ಟೈರು ಬದಲಿಸಿದಾಗ ಪ್ರತಿ ಸಲವೂ ರೀಸೆಟ್ ಮಾಡಬೇಕು. ರೀಸೆಟ್ ಎಂದರೆ ದುರಸ್ತಿಯಲ್ಲ, "ಈಗ ಇರುವುದೇ ಸರಿ ಎಂದು ತಿಳಿದುಕೋ" ಎಂದು ಕಾರಿಗೆ ಕಲಿಸುವುದು. ಗಾಳಿ ಸರಿಪಡಿಸದೆ ದೀಪ ಆರಿಸುವ ಸಲುವಾಗಿ ರೀಸೆಟ್ ಒತ್ತಿದರೆ ಕಾರು ತಪ್ಪನ್ನೇ ಸರಿಯೆಂದು ಕಲಿಯುತ್ತದೆ. ನಾಲ್ಕೂ ಟೈರುಗಳಲ್ಲಿ ಸಮನಾಗಿ ಗಾಳಿ ಇಳಿದರೆ ಈ ಬಗೆಯ ಹಳೆಯ ವ್ಯವಸ್ಥೆಗಳಿಗೆ ಅದು ಗೊತ್ತಾಗುವುದೂ ಇಲ್ಲ.

ಮೂರನೆಯದು ಅಂಗಡಿಯಿಂದ ತಂದು ಹಾಕಿಕೊಳ್ಳುವಂಥದ್ದು. ವಾಲ್ವ್‌ನ ಮುಚ್ಚಳ ತೆಗೆದು ಅದರ ಜಾಗದಲ್ಲಿ ಸೆನ್ಸರ್ ಮುಚ್ಚಳವನ್ನು ತಿರುಗಿಸಿ ಕೂರಿಸುವುದು, ಕಾರಿನೊಳಗೆ ಸೌರಶಕ್ತಿಯ ಪುಟ್ಟ ಪರದೆಯೊಂದನ್ನು ಇಟ್ಟುಕೊಳ್ಳುವುದು. ಹಳೆಯ ಕಾರು ಇರುವವರಿಗೆ ಇದು ಅನುಕೂಲ.

ಒಳಗಿನ ಸೆನ್ಸರಿನ ಆಯುಷ್ಯ

ಚಕ್ರದೊಳಗಿನ ಸೆನ್ಸರಿನಲ್ಲಿ ಬ್ಯಾಟರಿಯನ್ನು ರಾಳದಂಥ ವಸ್ತುವಿನಲ್ಲಿ ಮುಚ್ಚಿ ಭದ್ರಪಡಿಸಿರುತ್ತಾರೆ. ನೀರು, ಬಿಸಿ, ಅದುರುವಿಕೆ ತಾಗದಿರಲಿ ಎಂದು. ಈ ಕಾರಣದಿಂದ ಬ್ಯಾಟರಿ ಮಾತ್ರ ಬದಲಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ, ಇಡೀ ಸೆನ್ಸರನ್ನೇ ಬದಲಿಸಬೇಕು. ಆಯುಷ್ಯ ಸುಮಾರು 5ರಿಂದ 10 ವರ್ಷ. ಕಾರು ನಿಂತಾಗ ಸೆನ್ಸರ್ ಹೆಚ್ಚುಕಡಿಮೆ ನಿದ್ರಿಸುತ್ತದೆ, ಓಡತೊಡಗಿದಾಗ ಎಚ್ಚರಗೊಂಡು ಸುದ್ದಿ ಕಳಿಸುತ್ತದೆ. ಹೀಗಾಗಿ ಹೆಚ್ಚು ಓಡುವ ಕಾರಿನ ಸೆನ್ಸರ್ ಬೇಗ ಮುಗಿಯುತ್ತದೆ.

ದೋಷ ಎಲ್ಲಿದೆ ಎಂದು ಕಂಡುಕೊಳ್ಳಲು ಸುಲಭದ ಒಂದು ಲೆಕ್ಕವಿದೆ. ಒಂದು ಚಕ್ರದ ಅಂಕಿ ಮಾತ್ರ ಮಾಯವಾಗಿ ಅಲ್ಲಿ ಗೆರೆ ಕಾಣಿಸಿದರೆ ಆ ಚಕ್ರದ ಸೆನ್ಸರಿನ ಮೇಲೆ ಸಂಶಯ ಪಡಬೇಕು. ನಾಲ್ಕೂ ಒಟ್ಟಿಗೆ ಮಾಯವಾದರೆ ನಾಲ್ಕು ಸೆನ್ಸರುಗಳು ಒಂದೇ ದಿನ ಸಾಯುವುದು ಅಪರೂಪ. ಆಗ ಕಾರಿನೊಳಗಿನ ರಿಸೀವರ್, ಫ್ಯೂಸ್ ಇತ್ಯಾದಿಗಳನ್ನು ನೋಡಿಸಬೇಕು. ಅದಕ್ಕೂ ಮುನ್ನ ಸಿಗರೇಟ್ ಲೈಟರಿನ ಸಾಕೆಟ್‌ಗೆ ಹಾಕಿದ ಅಗ್ಗದ ಮೊಬೈಲ್ ಚಾರ್ಜರ್, ಕ್ಯಾಮರಾ ಮುಂತಾದವುಗಳನ್ನು ಕಿತ್ತು ಒಮ್ಮೆ ಓಡಿಸಿ ನೋಡಿ. ಸೆನ್ಸರುಗಳು ಬಳಸುವ ರೇಡಿಯೋ ಅಲೆಗೆ ಇಂಥ ವಸ್ತುಗಳು ಅಡ್ಡಿಪಡಿಸುವುದುಂಟು. ಸ್ಟೆಪ್ನಿ ಹಾಕಿ ಓಡಿಸುವಾಗ ದೀಪ ಮಿನುಗಿದರೆ ಗಾಬರಿ ಬೇಡ. ಹೆಚ್ಚಿನ ಕಾರುಗಳ ಸ್ಟೆಪ್ನಿಯಲ್ಲಿ ಸೆನ್ಸರ್ ಇರುವುದಿಲ್ಲ.

ಹೊಸ ಸೆನ್ಸರ್ ಹಾಕಿದರೆ ಸಾಲದು, ಅದರ ಗುರುತು ಸಂಖ್ಯೆಯನ್ನು ಕಾರಿಗೆ ಪರಿಚಯಿಸಬೇಕು. ಕೆಲವು ಕಾರುಗಳು ಸ್ವಲ್ಪ ದೂರ ಓಡಿಸಿದಾಗ ತಾವಾಗಿಯೇ ಕಲಿತುಕೊಳ್ಳುತ್ತವೆ, ಇನ್ನು ಕೆಲವಕ್ಕೆ ಮೆಕ್ಯಾನಿಕ್‌ನ ಸ್ಕ್ಯಾನರ್ ಬೇಕು. ಟೈರುಗಳನ್ನು ಹಿಂದೆ ಮುಂದೆ ಬದಲಿಸಿದಾಗಲೂ ಇದನ್ನು ನೋಡಿಕೊಳ್ಳಬೇಕು. ಇಲ್ಲವಾದರೆ ಹಿಂದಿನ ಎಡ ಚಕ್ರದಲ್ಲಿ ಗಾಳಿ ಇಳಿದಾಗ ಕಾರು ಮುಂದಿನ ಎಡ ಚಕ್ರವನ್ನು ತೋರಿಸೀತು. ಒಂದು ಮಾತು ಉಳಿತಾಯದ್ದು: ಏಳೆಂಟು ವರ್ಷ ಹಳೆಯ ಕಾರಿನಲ್ಲಿ ಒಂದು ಸೆನ್ಸರ್ ಬ್ಯಾಟರಿ ಮುಗಿದು ಸತ್ತರೆ ಉಳಿದವುಗಳ ಸರದಿಯೂ ಹತ್ತಿರದಲ್ಲೇ ಇರುತ್ತದೆ. ಹೊಸ ಟೈರು ಹಾಕಿಸುವಾಗಲೇ ನಾಲ್ಕನ್ನೂ ಬದಲಿಸಿದರೆ ಟೈರು ಬಿಚ್ಚಿ ಹಾಕುವ ಕೂಲಿ ಮತ್ತೆ ಮತ್ತೆ ಬೀಳುವುದಿಲ್ಲ.

ಪಂಕ್ಚರ್ ಅಂಗಡಿಯಲ್ಲಿ ಹೇಳಬೇಕಾದ ಮಾತು

ಅವಧಿಗೆ ಮುನ್ನ ಸೆನ್ಸರುಗಳು ಹಾಳಾಗುವುದು ಹೆಚ್ಚಾಗಿ ರಸ್ತೆಯಲ್ಲಿ ಅಲ್ಲ, ಟೈರು ಬಿಚ್ಚುವ ಜಾಗದಲ್ಲಿ. ರಿಮ್ಮಿನಿಂದ ಟೈರಿನ ಅಂಚನ್ನು ಬಿಡಿಸುವ ಯಂತ್ರದ ಪಟ್ಟಿ ವಾಲ್ವ್‌ನ ಹತ್ತಿರ ಒತ್ತಿದರೆ ಒಳಗಿನ ಸೆನ್ಸರ್ ಕ್ಷಣದಲ್ಲಿ ಪುಡಿ. ಹೊರಗಿನಿಂದ ನೋಡಿದರೆ ಅಲ್ಲಿ ಸೆನ್ಸರ್ ಇದೆಯೆಂದು ಪ್ರತಿ ಬಾರಿಯೂ ಗೊತ್ತಾಗುವುದಿಲ್ಲ. ವಾಲ್ವ್ ಲೋಹದ್ದಾಗಿದ್ದರೆ ಅನುಭವಿಗಳು ಊಹಿಸುತ್ತಾರೆ, ರಬ್ಬರ್ ವಾಲ್ವ್‌ಗೂ ಸೆನ್ಸರ್ ಇರಬಹುದು ಎಂಬುದನ್ನು ಮರೆಯುತ್ತಾರೆ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ "ಭಾಯ್, ಒಳಗೆ ಸೆನ್ಸರ್ ಇದೆ, ವಾಲ್ವ್‌ನಿಂದ ದೂರ ಒತ್ತು" ಎಂದು ಹೇಳುವುದು ಕಾರಿನವರ ಜವಾಬ್ದಾರಿ.

ಎರಡನೆಯದು ಟ್ಯೂಬ್. ಟ್ಯೂಬ್‌ಲೆಸ್ ಟೈರಿಗೆ ತಾತ್ಕಾಲಿಕವಾಗಿ ಟ್ಯೂಬ್ ಹಾಕಿಕೊಡುವ ಪದ್ಧತಿ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಈಗಲೂ ಇದೆ. ಸೆನ್ಸರ್ ಇರುವ ಚಕ್ರದಲ್ಲಿ ಇದು ಕೂಡದು. ಟ್ಯೂಬ್ ಹಾಕಬೇಕೆಂದರೆ ಸೆನ್ಸರನ್ನೇ ಕಿತ್ತು ಹಾಕಬೇಕಾಗುತ್ತದೆ.

ಮೂರನೆಯದು ಜೆಲ್. ಪಂಕ್ಚರ್ ಆಗುವುದೇ ಇಲ್ಲ ಎಂದು ಹೇಳಿ ಟೈರಿನೊಳಗೆ ತುಂಬಿಸುವ ಅಂಟು ದ್ರವ ಈಗ ಎಲ್ಲೆಡೆ ಸಿಗುತ್ತದೆ. ಸೆನ್ಸರಿನಲ್ಲಿ ಒತ್ತಡ ಅಳೆಯಲು ಒಂದು ಸೂಕ್ಷ್ಮ ರಂಧ್ರವಿರುತ್ತದೆ. ಜೆಲ್ ಅದನ್ನು ಮುಚ್ಚಿಬಿಟ್ಟರೆ ಸೆನ್ಸರ್ ತಪ್ಪು ಅಂಕಿ ಹೇಳತೊಡಗುತ್ತದೆ ಅಥವಾ ಮೂಕವಾಗುತ್ತದೆ. ದಾರಿಯಲ್ಲಿ ಅನಿವಾರ್ಯವಾಗಿ ಕಿಟ್ಟಿನ ದ್ರವ ಬಳಸಿದರೆ ಊರು ತಲುಪಿದ ಕೂಡಲೇ ಟೈರು ಬಿಚ್ಚಿಸಿ ಒಳಗೆಲ್ಲ ಸ್ವಚ್ಛ ಮಾಡಿಸಬೇಕು.

ನಾಲ್ಕನೆಯದು ವಾಲ್ವ್‌ನ ಚಿಲ್ಲರೆ ಭಾಗಗಳು. ರಬ್ಬರ್ ಬಳೆ, ನಟ್, ಒಳಗಿನ ಪಿನ್ ಮತ್ತು ಮುಚ್ಚಳ ಇಷ್ಟನ್ನು ಒಂದು ಚಿಕ್ಕ ಕಿಟ್ ಆಗಿ ಮಾರುತ್ತಾರೆ. ಟೈರು ಬಿಚ್ಚಿದಾಗಲೆಲ್ಲ ಇವನ್ನು ಬದಲಿಸುವುದು ಉತ್ತಮ. ಹಳೆಯ ರಬ್ಬರ್ ಬಳೆ ಒತ್ತಿ ಚಪ್ಪಟೆಯಾಗಿರುತ್ತದೆ, ಮತ್ತೆ ಅದನ್ನೇ ಹಾಕಿದರೆ ಅಲ್ಲಿಂದಲೇ ಗಾಳಿ ಸೋರತೊಡಗುತ್ತದೆ. ನಟ್ಟನ್ನು ಬಿಗಿಯಾಗಲಿ ಎಂದು ಬಲವಾಗಿ ತಿರುಗಿಸುವುದೂ ತಪ್ಪು. ಅಲ್ಯೂಮಿನಿಯಂ ವಾಲ್ವ್ ಸುಲಭವಾಗಿ ಮುರಿಯುತ್ತದೆ.

ಕಡಲ ಬದಿಯಲ್ಲಿ ವಾಸಿಸುವ ನಮಗೆ ಇನ್ನೊಂದು ತೊಂದರೆ ಉಪ್ಪುಗಾಳಿ. ಅಲ್ಯೂಮಿನಿಯಂ ವಾಲ್ವ್‌ನೊಳಗೆ ಸಾಮಾನ್ಯ ಹಿತ್ತಾಳೆಯ ಪಿನ್ ಹಾಕಿದರೆ ತೇವ ಸೇರಿ ಎರಡು ಲೋಹಗಳ ನಡುವೆ ತುಕ್ಕು ಹಿಡಿದು ಪಿನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ನಿಕ್ಕಲ್ ಲೇಪಿಸಿದ ಪಿನ್‌ನ್ನೇ ಕೇಳಿ ಹಾಕಿಸಬೇಕು. ಮುಚ್ಚಳವೂ ಅಷ್ಟೇ. ಹೊಳೆಯುವ ಲೋಹದ ಮುಚ್ಚಳ ಚೆಂದ ಕಾಣುತ್ತದೆ, ಒಂದೆರಡು ಮಳೆಗಾಲ ಕಳೆದ ಮೇಲೆ ಬಿಚ್ಚಲು ಬರುವುದಿಲ್ಲ. ಒತ್ತಿ ತಿರುಗಿಸಿದರೆ ವಾಲ್ವೇ ಮುರಿದು ಕೈಗೆ ಬರುತ್ತದೆ. ಸಾದಾ ಪ್ಲಾಸ್ಟಿಕ್ ಮುಚ್ಚಳವೇ ಕ್ಷೇಮ.

ಮುಚ್ಚಳದ ಸೆನ್ಸರ್ ಬಳಸುವವರಿಗೆ

ಅಂಗಡಿಯಿಂದ ತಂದು ಹಾಕುವ ಮುಚ್ಚಳದ ಸೆನ್ಸರಿನ ಕೆಲಸ ಸುಲಭ, ಆದರೆ ಅದರ ಒಂದು ಗುಟ್ಟು ತಿಳಿದಿರಬೇಕು. ಸಾಮಾನ್ಯ ಮುಚ್ಚಳ ವಾಲ್ವ್‌ನ ಪಿನ್ನನ್ನು ಮುಟ್ಟುವುದಿಲ್ಲ. ಸೆನ್ಸರ್ ಮುಚ್ಚಳ ಗಾಳಿಯ ಒತ್ತಡ ತಿಳಿಯಲು ಪಿನ್ನನ್ನು ಒತ್ತಿ ತೆರೆದೇ ಇಡುತ್ತದೆ. ಅಂದರೆ ಟೈರಿನ ಗಾಳಿ ಹೊರಹೋಗದಂತೆ ತಡೆಯುವುದು ಸೆನ್ಸರಿನೊಳಗಿನ ಪುಟ್ಟ ರಬ್ಬರ್ ಬಳೆಯೊಂದೇ. ಅದು ಹರಿದರೆ ಅಥವಾ ಸಡಿಲವಾದರೆ ಕಾಯಲು ಇಟ್ಟ ಸೆನ್ಸರೇ ಗಾಳಿ ಕಳೆಯುತ್ತದೆ. ಹಾಕಿದ ಮೇಲೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು ಕಡ್ಡಾಯ. ಹಳೆಯ, ಬಿರುಕು ಬಿಟ್ಟ ರಬ್ಬರ್ ವಾಲ್ವ್ ಮೇಲೆ ಇದನ್ನು ಕೂರಿಸಬಾರದು. ವೇಗದಲ್ಲಿ ಸೆನ್ಸರಿನ ಭಾರಕ್ಕೆ ವಾಲ್ವ್ ಹೊರಕ್ಕೆ ಬಾಗುತ್ತದೆ. ಲೋಹದ ವಾಲ್ವ್ ಹಾಕಿಸಿಕೊಳ್ಳುವುದು ಲೇಸು.

ಇದರ ಗುಂಡಿ ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಬಹುದು. ಅನೇಕ ಸೆನ್ಸರುಗಳಲ್ಲಿ ಸಿಆರ್ 1632 ಎಂಬ ಸಂಖ್ಯೆಯದು ಇರುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷ ಬಾಳುತ್ತದೆ. ಪರದೆಯಲ್ಲಿ ಬ್ಯಾಟರಿಯ ಗುರುತು ಕಾಣಿಸುವ ತನಕ ಕಾಯದೆ, ಊರಿಗೆ ಹೊರಡುವ ಹಿಂದಿನ ವಾರವೇ ನಾಲ್ಕನ್ನೂ ಬದಲಿಸಿ. ಬಿಚ್ಚುವಾಗ ಯಾವ ಸೆನ್ಸರ್ ಯಾವ ಚಕ್ರದ್ದು ಎಂದು ಅದರ ಮೇಲಿನ ಗುರುತು ನೋಡಿ ಬರೆದಿಟ್ಟುಕೊಳ್ಳಿ. ತೆಗೆದ ಹಳೆಯ ಗುಂಡಿ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡುವಷ್ಟು ಅಪಾಯಕಾರಿ.

ಈ ಮುಚ್ಚಳದ ಸೆನ್ಸರುಗಳು ಅಮೆರಿಕದಲ್ಲಿ ನೆಲೆಸಿದ ನಮ್ಮ ಬಂಧುಗಳಿಗೆ ಇನ್ನೊಂದು ಕಾರಣಕ್ಕೆ ಪರಿಚಿತ. ಅಲ್ಲಿ ರಜೆಯಲ್ಲಿ ಗಾಡಿಯ ಹಿಂದೆ ಚಕ್ರದ ಮನೆಯೊಂದನ್ನು ಕಟ್ಟಿ ಎಳೆದೊಯ್ಯುವ ವಾಡಿಕೆ ಇದೆ. ಟ್ರಾವೆಲ್ ಟ್ರೇಲರ್ ಎಂದು ಅದರ ಹೆಸರು. ಹಿಂದಿನ ಟ್ರೇಲರಿನಲ್ಲಿ ಒಂದು ಚಕ್ರದ ಗಾಳಿ ಹೋದರೆ ಮುಂದೆ ಕುಳಿತ ಚಾಲಕನಿಗೆ ಸ್ಟೇರಿಂಗಿನಲ್ಲಿ ಏನೂ ತಿಳಿಯದೆ ಹೋಗಬಹುದು. ಪಕ್ಕದ ಚಕ್ರ ಎರಡರ ಭಾರವನ್ನೂ ಹೊತ್ತು ಅದೂ ಒಡೆಯುತ್ತದೆ. ಅಮೆರಿಕದ 2007ರ ಕಡ್ಡಾಯ ನಿಯಮ ಟ್ರೇಲರುಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಮಾಲೀಕರು ತಾವೇ ಸೆನ್ಸರ್ ಹಾಕಿಸಿಕೊಳ್ಳುತ್ತಾರೆ. ಲೋಹದ ಉದ್ದ ಮೈ ದಾಟಿ ಸುದ್ದಿ ಮುಂದಕ್ಕೆ ಬರಲು ನಡುವೆ ಸಿಗ್ನಲ್ ಬಲಪಡಿಸುವ ಪೆಟ್ಟಿಗೆಯನ್ನೂ ಇಡುತ್ತಾರೆ. ಟ್ರೇಲರುಗಳು ತಿಂಗಳುಗಟ್ಟಲೆ ನಿಂತಿರುವ ವಾಹನಗಳು. ಅಷ್ಟು ದಿನವೂ ಸೆನ್ಸರ್ ಮುಚ್ಚಳ ಹಾಗೆಯೇ ಇದ್ದರೆ ಬ್ಯಾಟರಿಯೂ ಹೋಗುತ್ತದೆ, ಗಾಳಿಯೂ ಸೋರುತ್ತದೆ. ಆದ್ದರಿಂದ ನಿಲ್ಲಿಸುವಾಗ ಬಿಚ್ಚಿಟ್ಟು, ಹೊರಡುವಾಗ ಹೊಸ ಬ್ಯಾಟರಿಯೊಂದಿಗೆ ಹಾಕುವುದು ಅಲ್ಲಿನ ಅನುಭವಸ್ಥರ ಕ್ರಮ. ದಿನವೂ ಲೋಕಲ್ ರೈಲಿನಲ್ಲಿ ಓಡಾಡಿ, ಕಾರನ್ನು ಕಟ್ಟಡದ ಕೆಳಗೆ ಧೂಳು ತಿನ್ನಲು ಬಿಟ್ಟು, ಊರಿಗೆ ಮಾತ್ರ ಹೊರತೆಗೆಯುವ ಮುಂಬಯಿಯವರಿಗೂ ಈ ಕ್ರಮ ಸಲ್ಲುತ್ತದೆ.

ಅಂಕಿಗಳನ್ನು ಓದುವ ರೀತಿ

ಸೆನ್ಸರ್ ಸರಿಯಿದ್ದರೂ ಅದರ ಮಾತು ತಿಳಿಯದಿದ್ದರೆ ಪ್ರಯೋಜನವಿಲ್ಲ. ಸರಿಯಾದ ಒತ್ತಡ ಎಷ್ಟೆಂಬುದನ್ನು ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿ ಅಥವಾ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಗೆ ಬರೆದಿರುತ್ತಾರೆ. ಟೈರಿನ ಮೈಮೇಲೆ ಕೆತ್ತಿದ ಅಂಕಿ ಆ ಟೈರು ತಾಳಬಲ್ಲ ಗರಿಷ್ಠ ಮಿತಿ, ಅದು ನಿಮ್ಮ ಕಾರಿಗೆ ಹೇಳಿದ್ದಲ್ಲ. ಪರದೆಯಲ್ಲಿ 2.3 ಎಂದೋ 230 ಎಂದೋ ಕಂಡರೆ ಗೊಂದಲ ಬೇಡ. 1 ಬಾರ್ ಎಂದರೆ 14.5 ಪಿಎಸ್‌ಐ, 100 ಕಿಲೋಪಾಸ್ಕಲ್ ಎಂದರೂ ಅಷ್ಟೇ. ಎರಡೂ ಸುಮಾರು 33 ಪಿಎಸ್‌ಐ.

ಚೀಟಿಯಲ್ಲಿ ಹೇಳಿದ್ದು ತಣ್ಣಗಿರುವ ಟೈರಿನ ಲೆಕ್ಕ. ಬೆಳಿಗ್ಗೆ ಕಾರು ತೆಗೆಯುವ ಮೊದಲು ನೋಡಬೇಕು. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿದ ಮೇಲೆ 33 ಇದ್ದದ್ದು 37, 38 ಆಗುವುದು ಸಹಜ. ಇದನ್ನು ಕಂಡು ಗಾಬರಿಯಾಗಿ ಢಾಬಾದ ಬಳಿ ನಿಲ್ಲಿಸಿ ಗಾಳಿ ಬಿಡಿಸುವವರಿದ್ದಾರೆ. ಇದು ದೊಡ್ಡ ತಪ್ಪು. ಟೈರು ತಣಿದಾಗ ಒತ್ತಡ ಬೇಕಾದುದಕ್ಕಿಂತ ಕೆಳಗಿಳಿದು, ಮರುದಿನದ ಓಟದಲ್ಲಿ ಟೈರು ಇನ್ನಷ್ಟು ಬಿಸಿಯಾಗುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಬಾರದು.

ಚಳಿಗೂ ಒತ್ತಡ ಇಳಿಯುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದೂವರೆ ಪಿಎಸ್‌ಐ ವ್ಯತ್ಯಾಸ. ಡಿಸೆಂಬರ್‌ನಲ್ಲಿ ಮುಂಬಯಿಯ ಸೆಕೆಯಲ್ಲಿ ಹವಾ ಹಾಕಿಸಿ ಬೆಳಗಾವಿಯಲ್ಲಿ ತಂಗಿದವರಿಗೆ ಮುಂಜಾನೆ ದೀಪ ಉರಿದು ಕಾಣುವುದು ಇದರಿಂದಲೇ. ಸ್ವಲ್ಪ ಓಡಿದ ಮೇಲೆ ಅದು ಆರಬಹುದು, ಹಾಗೆಂದು ಬಿಡಬಾರದು. ಟೈರು ಅಂಚಿನಲ್ಲಿದೆ ಎಂಬುದರ ಸೂಚನೆ ಅದು.

ದೀಪ ಉರಿದಿಲ್ಲವೆಂದರೆ ಎಲ್ಲ ಸರಿಯಿದೆ ಎಂದೂ ತಿಳಿಯಬಾರದು. ಅಮೆರಿಕದ ನಿಯಮದಂತೆ ಒತ್ತಡ ಶೇ. 25ರಷ್ಟು ಇಳಿದ ಮೇಲೆ ದೀಪ ಹೊತ್ತಿದರೆ ಸಾಕು. 33 ಇರಬೇಕಾದ ಟೈರು ಸುಮಾರು 25ಕ್ಕೆ ಇಳಿಯುವ ತನಕ ದೀಪ ಸುಮ್ಮನಿರಬಹುದು. ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ಗಾಳಿ ತಾನಾಗಿ ಹೋಗುತ್ತದೆ. ನೈಟ್ರೋಜನ್ ತುಂಬಿಸಿದವರೂ ಇದಕ್ಕೆ ಹೊರತಲ್ಲ. ಆದ್ದರಿಂದ ಸ್ವಂತದ್ದೊಂದು ಗೇಜ್ ಇಟ್ಟುಕೊಂಡು ತಿಂಗಳಿಗೊಮ್ಮೆ ಸೆನ್ಸರಿನ ಅಂಕಿಯನ್ನು ಅದರೊಂದಿಗೆ ತಾಳೆ ನೋಡುವುದು ಅಗತ್ಯ.

ಊರಿಂದ ಮರಳುವಾಗಿನ ಕಥೆ ಬೇರೆಯೇ. ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಣ್ಣು, ಹಪ್ಪಳ, ಉಪ್ಪಿನಕಾಯಿ ಎಂದು ಅಮ್ಮ, ಅತ್ತೆ ಕಟ್ಟಿಕೊಟ್ಟದ್ದನ್ನೆಲ್ಲ ಡಿಕ್ಕಿಯಲ್ಲಿ ತುಂಬಿಕೊಳ್ಳದೆ ಯಾರೂ ಹೊರಡುವುದಿಲ್ಲ. ಆ ಭಾರವೆಲ್ಲ ಹಿಂದಿನ ಎರಡು ಟೈರುಗಳ ಮೇಲೆ. ಅನೇಕ ಕಾರುಗಳ ಚೀಟಿಯಲ್ಲಿ ತುಂಬಿದ ಕಾರಿಗೆ ಹಿಂದಿನ ಟೈರಿನ ಒತ್ತಡ ಬೇರೆಯಾಗಿ, ಹೆಚ್ಚಾಗಿ ಬರೆದಿರುತ್ತದೆ. ಊರಿನ ಬಂಕಿನಲ್ಲಿ ಅದರಂತೆ ಹಾಕಿಸಿಕೊಂಡೇ ಹೊರಡಿ. ಮುಂಬಯಿ ತಲುಪಿ ಸಾಮಾನು ಇಳಿಸಿದ ಮೇಲೆ ಮತ್ತೆ ಮೊದಲಿನಂತೆ ಮಾಡಿಸಿ.

ಸೆನ್ಸರ್ ಹೇಳದ ಸಂಗತಿಗಳೂ ಇವೆ. ಟೈರು ಸವೆದಿದೆಯೇ, ಪಕ್ಕ ಉಬ್ಬಿದೆಯೇ, ಹಳೆಯದಾಗಿದೆಯೇ ಎಂಬುದು ಅದಕ್ಕೆ ತಿಳಿಯದು. ಕಾರಿನ ಟೈರಿನ ಗೀರುಗಳು 1.6 ಮಿಲಿಮೀಟರಿಗಿಂತ ಕಡಿಮೆ ಆಳ ಇರಬಾರದೆಂಬುದು ನಮ್ಮ ದೇಶದ ನಿಯಮ. ಟೈರಿನ ಪಕ್ಕದಲ್ಲಿ ಕೆತ್ತಿದ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ. 2321 ಎಂದಿದ್ದರೆ 2021ರ 23ನೇ ವಾರ ತಯಾರಾದದ್ದು.

ದಾರಿಯಲ್ಲಿ ದೀಪ ಉರಿದರೆ

ಓಡುತ್ತಿರುವಾಗ ದೀಪ ಉರಿದರೆ ಗಕ್ಕನೆ ಬ್ರೇಕ್ ಒತ್ತಬೇಡಿ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಎಡಬದಿಗೆ ನಿಧಾನವಾಗಿ ತನ್ನಿ. ತಿರುವಿನಲ್ಲಿ, ಸೇತುವೆಯ ಮೇಲೆ ನಿಲ್ಲಿಸದೆ ಹಿಂದಿನವರಿಗೆ ಕಾಣುವಂಥ ಸಮತಟ್ಟಾದ ಜಾಗ ನೋಡಿ. ಅಂಕಿ ತೋರಿಸುವ ಕಾರಾದರೆ ಅದು ನಿಧಾನವಾಗಿ ಇಳಿಯುತ್ತಿದೆಯೋ ಬೇಗಬೇಗ ಇಳಿಯುತ್ತಿದೆಯೋ ಗಮನಿಸಿ. ನಿಧಾನವಾಗಿದ್ದರೆ ಗಾಳಿ ತುಂಬಿಸಿ ಹತ್ತಿರದ ಅಂಗಡಿ ತಲುಪಬಹುದು. ಬೇಗ ಇಳಿಯುತ್ತಿದ್ದರೆ ಅಲ್ಲೇ ಚಕ್ರ ಬದಲಿಸುವುದೊಂದೇ ದಾರಿ. ಗಾಳಿಯಿಲ್ಲದ ಟೈರಿನಲ್ಲಿ ಒಂದೆರಡು ಕಿ.ಮೀ. ಓಡಿಸಿದರೂ ಟೈರಿನ ಜೊತೆ ಒಳಗಿನ ಸೆನ್ಸರೂ ನಜ್ಜುಗುಜ್ಜಾಗುತ್ತದೆ. ಮಕ್ಕಳನ್ನೂ ಹಿರಿಯರನ್ನೂ ರಸ್ತೆಯಿಂದ ದೂರ ನಿಲ್ಲಿಸಿದ ಮೇಲೆಯೇ ಜ್ಯಾಕ್‌ಗೆ ಕೈಹಾಕಿ.

ಸಂಘಗಳು ಮನಸ್ಸು ಮಾಡಿದರೆ

ಮುಂಬಯಿ ಮಹಾನಗರದ ನಮ್ಮ ಸಂಘ-ಸಂಸ್ಥೆಗಳು ರಕ್ತದಾನ ಶಿಬಿರ, ನೇತ್ರ ತಪಾಸಣೆ, ಪುಸ್ತಕ ವಿತರಣೆ ಮುಂತಾದ ಕಾರ್ಯಗಳನ್ನು ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದಿವೆ. ಅದೇ ಸಾಲಿಗೆ ಇನ್ನೊಂದನ್ನು ಸೇರಿಸಬಹುದು. ಏಪ್ರಿಲ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ, ಚೌತಿಗೆ ಹದಿನೈದು ದಿನ ಮುಂಚೆ ಇನ್ನೊಂದು ಭಾನುವಾರ, ಸಂಘದ ಕಟ್ಟಡದ ಅಂಗಳದಲ್ಲಿ ಸದಸ್ಯರ ಕಾರುಗಳ ಟೈರು ತಪಾಸಣೆ. ಇದಕ್ಕೆ ಸಭಾಂಗಣ ಬೇಡ, ಹಾರ-ತುರಾಯಿ ಬೇಡ. ಎರಡು ಒಳ್ಳೆಯ ಗೇಜ್, ಒಂದು ಬಾಲ್ದಿ ಸಾಬೂನು ನೀರು, ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್, ಬರೆದುಕೊಳ್ಳಲು ಯುವ ವಿಭಾಗದ ಇಬ್ಬರು ಸಾಕು. ಪ್ರತಿ ಕಾರಿಗೂ ಒಂದು ಚೀಟಿ: ನಾಲ್ಕು ಟೈರು ಮತ್ತು ಸ್ಟೆಪ್ನಿಯ ಒತ್ತಡ, ಗೇಜಿಗೂ ಸೆನ್ಸರಿಗೂ ತಾಳೆಯಾಯಿತೇ, ದೀಪ ಉರಿಯುತ್ತಿದೆಯೋ ಮಿನುಗುತ್ತಿದೆಯೋ, ಟೈರು ತಯಾರಾದ ವರ್ಷ ಯಾವುದು, ಸೆನ್ಸರಿಗೆ ಎಷ್ಟು ವರ್ಷವಾಯಿತು. ದೋಷ ಕಂಡವರಿಗೆ ಸರಿಪಡಿಸಲು ಹದಿನೈದು ದಿನ ಕೈಯಲ್ಲಿರುತ್ತದೆ.

ಊರಿನಲ್ಲಿ ಹಿರಿಯರು ಹೊತ್ತು ಹೊತ್ತಿಗೆ ಫೋನು ಮಾಡಿ "ಎಲ್ಲಿಗೆ ಮುಟ್ಟಿದಿರಿ?" ಎಂದು ಕೇಳುತ್ತಲೇ ಇರುತ್ತಾರೆ. "ಇನ್ನೇನು ಬಂದೆವು" ಎಂದು ನೆಮ್ಮದಿಯಿಂದ ಹೇಳುವಂತಾಗಲು ಹೊರಡುವ ಮುಂಚಿನ ಅರ್ಧ ಗಂಟೆಯ ತಪಾಸಣೆ ಸಾಕು.